ಮಗಳಿಗೊಂದು ಪತ್ರ: ಮೂಗನ್ನು ನಂಬಬೇಡ, ಗಡಿಯಾರ ನೋಡು

ಪ್ರೀತಿಯ ಪುಟ್ಟಿ,

"ರಾತ್ರಿಯೆಲ್ಲಾ ಅನ್ನ ಹೊರಗೇ ಇತ್ತಮ್ಮ, ವಾಸನೆ ಏನೂ ಬಂದಿರಲಿಲ್ಲ, ಚೆನ್ನಾಗಿ ಬಿಸಿ ಮಾಡ್ಕೊಂಡು ತಿಂದೆ" ಅಂತ ನಿನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಆಗಿನಿಂದ ಅದೇ ತಲೆ ಕೊರೆಯುತ್ತಿದೆ. ಏನೂ ಆಗಲಿಲ್ಲ, ಸದ್ಯ. ಆದರೆ ನೀನು ಮೂಗನ್ನೂ ನಂಬಿದೆ, ಒಲೆಯನ್ನೂ ನಂಬಿದೆ. ಇಲ್ಲಿ ಎರಡೂ ಕೈಕೊಡುತ್ತವೆ.

ಅಡುಗೆ ಹಳಸಿ ವಾಸನೆ ಬರುವಂತೆ ಮಾಡುವ ಸೂಕ್ಷ್ಮಜೀವಿಗಳು ಸಾಮಾನ್ಯವಾಗಿ ಬೇರೆ, ಕಾಯಿಲೆ ತರುವವು ಬೇರೆ. ಸಾಲ್ಮೊನೆಲ್ಲಾ ಅನ್ನುವ ಕಾಯಿಲೆ ತರುವ ಬ್ಯಾಕ್ಟೀರಿಯಾ ಸೇರಿದ ಊಟದ ಬಣ್ಣ, ರುಚಿ, ವಾಸನೆ ಎಲ್ಲ ಮಾಮೂಲಿನಂತೆಯೇ ಇರಬಹುದು. ಸ್ವಲ್ಪ ಬಾಯಿಗೆ ಹಾಕಿ ನೋಡೋಣ ಅನ್ನುವುದೂ ಬೇಡ.

ಇನ್ನು ಅನ್ನ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಗಟ್ಟಿ ಕವಚದೊಳಗೆ ನಿದ್ದೆ ಮಾಡುತ್ತಿರಬಹುದು. ಅನ್ನ ಕುದ್ದರೂ ಅದು ಸಾಯುವುದಿಲ್ಲ. ಅನ್ನ ಹೊರಗೆ ನಿಧಾನವಾಗಿ ತಣಿಯುವಾಗ ಎದ್ದು, ಬೆಳೆದು, ವಿಷ ಬಿಡುತ್ತದೆ. ಆ ವಿಷ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರು. ಬಿಸಿ ಮಾಡಿದರೆ ಎಲ್ಲ ಸರಿಹೋಗುತ್ತೆ ಅನ್ನುವ ನಂಬಿಕೆ ಎಷ್ಟು ಜನರಿಗಿದೆಯೋ! ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಹಾಗಾದರೆ ನೋಡಬೇಕಾದ್ದು ಏನು? ಗಡಿಯಾರ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಕಾಯಿಲೆ ತರುವ ಬ್ಯಾಕ್ಟೀರಿಯಾಗಳು ಚೆನ್ನಾಗಿ ಬೆಳೆಯುತ್ತವೆ. ಹದವಾದ ಬಿಸಿ ಸಿಕ್ಕರೆ ಕೆಲವು 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತವೆ. ಲೆಕ್ಕ ಹಾಕು, ಒಂದೇ ಒಂದು ಇದ್ದದ್ದು 4 ಗಂಟೆಯಲ್ಲಿ 4 ಸಾವಿರ ದಾಟುತ್ತದೆ. ಅದಕ್ಕೇ ಮಾಡಿದ ಅಡುಗೆ 2 ಗಂಟೆಯೊಳಗೆ ಫ್ರಿಜ್ ಸೇರಬೇಕು. 32 ಡಿಗ್ರಿ ಮೀರಿದ ಸೆಕೆಯಿದ್ದರೆ 1 ಗಂಟೆಯೊಳಗೆ. ಪೂರ್ತಿ ಆರಲಿ ಅಂತ ಕಾಯಬೇಡ. ಹಬೆ ಹೋದರೆ ಸಾಕು. ದೊಡ್ಡ ಪಾತ್ರೆಯನ್ನು ಹಾಗೇ ಇಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಆದ್ದರಿಂದ ಚಪ್ಪಟೆ ಡಬ್ಬಗಳಿಗೆ ಹಂಚು. ಫ್ರಿಜ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಿಲ್ಲ, ಬೆಳೆಯುವುದನ್ನು ನಿಧಾನ ಮಾಡುತ್ತದೆ ಅಷ್ಟೆ. ಲಿಸ್ಟೀರಿಯಾ ಅನ್ನುವುದಂತೂ ಆ ತಂಪಿನಲ್ಲೂ ಬೆಳೆಯುತ್ತದೆ. ಬಸುರಿಯರಿಗೆ ಅದು ತುಂಬಾ ಅಪಾಯ.

ಕೋಳಿಮಾಂಸ ತಂದರೆ ನಲ್ಲಿ ಕೆಳಗೆ ತೊಳೆಯಬೇಡ. ಸ್ವಚ್ಛ ಮಾಡುತ್ತಿದ್ದೇನೆ ಅಂತ ನಮಗೆ ಅನ್ನಿಸುತ್ತದೆ, ಆದರೆ ಹನಿ ಸಿಡಿದು ಸಿಂಕು, ಕಟ್ಟೆ, ಪಕ್ಕದಲ್ಲಿರುವ ಸೊಪ್ಪು ಎಲ್ಲ ಕಡೆ ಬ್ಯಾಕ್ಟೀರಿಯಾ ಹರಡುತ್ತದೆ. ಬೇಯಿಸುವಾಗ ಒಳಗಿನವರೆಗೂ 74 ಡಿಗ್ರಿ ಮುಟ್ಟಿದರೆ ಸಾಲ್ಮೊನೆಲ್ಲಾದಂಥವು ಸಾಯುತ್ತವೆ. ಹಸಿ ಮಾಂಸಕ್ಕೆ ಬೇರೆ ಚಾಕು, ಬೇರೆ ಮಣೆ ಇಟ್ಟುಕೋ. ಫ್ರಿಜ್‌ನಲ್ಲಿ ಅದರ ಜಾಗ ಯಾವಾಗಲೂ ಕೆಳಗಿನ ತಟ್ಟೆ, ಅದರ ನೀರು ಬೇರೆಯದರ ಮೇಲೆ ತೊಟ್ಟಿಕ್ಕಬಾರದು.

ಕೈ ತೊಳೆಯುವುದು ನಿನಗೆ ಗೊತ್ತು. ಒಂದು ಮಾತು ಮಾತ್ರ: ವಾಂತಿ ಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಸರ್ ಸಾಲದು, ಸೋಪು ನೀರೇ ಬೇಕು. ನಿನಗೇ ವಾಂತಿ ಭೇದಿ ಆದರೆ, ನಿಂತ ಮೇಲೂ 2 ದಿನ ಗೆಳತಿಯರಿಗೆ ಅಡುಗೆ ಮಾಡಬೇಡ.

ಹೊಟ್ಟೆ ಕೆಟ್ಟಾಗ ಮೊದಲು ಒಆರ್‌ಎಸ್. ಅದು ಇಲ್ಲದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟವಾಗಿ ಅಳೆದು ಹಾಕು. ಗುಟುಕು ಗುಟುಕಾಗಿ ಕುಡಿ. ಭೇದಿಯಲ್ಲಿ ರಕ್ತ ಕಂಡರೆ, ಜ್ವರ 102 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗು. ಭೇದಿ ನಿಲ್ಲಿಸುವ ಮಾತ್ರೆ ನೀನಾಗಿಯೇ ನುಂಗಬೇಡ.

ಫ್ರಿಜ್ ಒಳಗೆ ಇಡುವ ಸಣ್ಣ ಥರ್ಮಾಮೀಟರ್ ಸಿಗುತ್ತದೆ, ಒಂದು ತಗೋ. 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಎಷ್ಟು ತೋರಿಸುತ್ತೆ ಅಂತ ಭಾನುವಾರ ಫೋನ್ ಮಾಡಿದಾಗ ಹೇಳು.

ಇಂತಿ,
ನಿನ್ನ ಅಮ್ಮ