ಗ್ರೀನ್‌ವಿಚ್‌ನಲ್ಲಿ ಓದುವ ಮಗಳಿಗೆ

ಪ್ರೀತಿಯ ಪುಟ್ಟಿ,

ನಿನ್ನ ಕಾಲೇಜು ಲಂಡನ್ನಿನ ಗ್ರೀನ್‌ವಿಚ್‌ನಲ್ಲಿ ಅಂತ ಗೊತ್ತಾದಾಗಿನಿಂದ ಆ ಜಾಗದ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಅಲ್ಲಿಗೆ ಹೋದವರೆಲ್ಲ ಸೊನ್ನೆ ರೇಖಾಂಶದ ಗೆರೆಯ ಮೇಲೆ ನಿಂತು ಬರುತ್ತಾರೆ. ನೀನೂ ನಿಲ್ಲು. ಆದರೆ ಅಷ್ಟಕ್ಕೇ ಮುಗಿಸಬೇಡ.

ಆ ಗೆರೆ ಇರುವ ಗುಡ್ಡದ ಮೇಲೆ ನಕ್ಷತ್ರ ನೋಡುವ ವೀಕ್ಷಣಾಲಯವನ್ನು 1675ರಲ್ಲಿ ಶುರು ಮಾಡಿದ್ದು ಹಡಗಿನವರಿಗಾಗಿ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಅಲ್ವಾ? ಗ್ರೀನ್‌ವಿಚ್‌ನಲ್ಲಿ ಈಗ ಎಷ್ಟು ಗಂಟೆ ಅಂತ ತಿಳಿದರೆ, ಸೂರ್ಯನನ್ನು ನೋಡಿ ತಿಳಿದ ತಮ್ಮ ಜಾಗದ ಸಮಯದ ಜೊತೆ ಹೋಲಿಸಿ, ನಡುಸಮುದ್ರದಲ್ಲೂ ತಾವಿರುವ ರೇಖಾಂಶ ಲೆಕ್ಕ ಹಾಕಬಹುದು. 1833ರಲ್ಲಿ ಅಲ್ಲಿಯ ಚಾವಣಿಯ ಕಂಬಕ್ಕೆ ಒಂದು ದೊಡ್ಡ ಚೆಂಡು ಏರಿಸಿದರು. ಮಧ್ಯಾಹ್ನ ಸರಿಯಾಗಿ 1 ಗಂಟೆಗೆ ಅದು ಕೆಳಗಿಳಿದರೆ, ಥೇಮ್ಸ್ ನದಿಯ ಹಡಗಿನವರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಈಗಲೂ ಇಳಿಯುತ್ತದೆ, ನೋಡು. ಮುಂದೆ 1884ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ದೇಶಗಳಲ್ಲಿ ಹೆಚ್ಚಿನವು ಗ್ರೀನ್‌ವಿಚ್‌ನ ಗೆರೆಯನ್ನೇ ಸೊನ್ನೆ ರೇಖಾಂಶ ಎಂದು ಒಪ್ಪಿದವು. ನಮ್ಮ ಐದೂವರೆ ಗಂಟೆಯ ಲೆಕ್ಕ ಬಂದಿದ್ದೂ ಅಲ್ಲಿಂದಲೇ.

ನನಗೆ ಜಾಸ್ತಿ ಹಿಡಿಸಿದ್ದು ರೂತ್ ಬೆಲ್‌ವಿಲ್ ಎಂಬ ಹೆಣ್ಣುಮಗಳು. ಆಕೆ ಸಮಯ ಮಾರುತ್ತಿದ್ದಳು! ವಾರಕ್ಕೊಮ್ಮೆ ಗುಡ್ಡ ಹತ್ತಿ, ತನ್ನ ಜೇಬುಗಡಿಯಾರವನ್ನು ವೀಕ್ಷಣಾಲಯದ ಗಡಿಯಾರದ ಜೊತೆ ಹೋಲಿಸಿ, ಎಷ್ಟು ವ್ಯತ್ಯಾಸವಿದೆ ಅಂತ ಬರೆಸಿಕೊಳ್ಳುತ್ತಿದ್ದಳು. ಆಮೇಲೆ ಲಂಡನ್ ಸುತ್ತಿ ಗಡಿಯಾರದ ಅಂಗಡಿಯವರಿಗೆ ಸರಿಯಾದ ಸಮಯ ತೋರಿಸುತ್ತಿದ್ದಳು. ಅವರು ಚಂದಾ ಕೊಡುತ್ತಿದ್ದರು. 1836ರಲ್ಲಿ ಅಪ್ಪ ಶುರು ಮಾಡಿದ ಕೆಲಸ ಅದು. ಅಪ್ಪ ಹೋದ ಮೇಲೆ ಅಮ್ಮ ಮುಂದುವರಿಸಿದಳು, ಅಮ್ಮನ ನಂತರ ಮಗಳು. ತಂತಿಯಲ್ಲಿ ಸಮಯ ಕಳಿಸುವ ಕಂಪನಿ ಬಂತು. ಅದರ ನಿರ್ದೇಶಕನೊಬ್ಬ 1908ರಲ್ಲಿ ತುಂಬಿದ ಸಭೆಯಲ್ಲಿ ಆಕೆಯ ಕೆಲಸವನ್ನು ಹೀಗಳೆದ. ಹೆಂಗಸು ಅನ್ನುವುದನ್ನೂ ಎತ್ತಿ ಆಡಿದ. ಅದು ಪತ್ರಿಕೆಯಲ್ಲಿ ಬಂದು ಆಕೆಯ ಹೆಸರೇ ಊರಿಗೆಲ್ಲ ಗೊತ್ತಾಯಿತು! ರೇಡಿಯೊ ಬಂದ ಮೇಲೂ ಆಕೆ ಬಿಡಲಿಲ್ಲ. 1940ರವರೆಗೆ, ಎಂಬತ್ತು ದಾಟಿದ ಮೇಲೂ ನಡೆದಳು.

ಆ ಗಡಿಯಾರಕ್ಕೆ ಆಕೆ 'ಅರ್ನಾಲ್ಡ್' ಅಂತಲೇ ಕರೆಯುತ್ತಿದ್ದಳು, ಅದನ್ನು ಮಾಡಿದವನ ಹೆಸರು. ಮೊದಲು ಅದಕ್ಕೆ ಬಂಗಾರದ ಕವಚವಿತ್ತಂತೆ. ಕಳ್ಳರ ಕಣ್ಣು ಬೀಳಬಾರದೆಂದು ಅಪ್ಪ ಬೆಳ್ಳಿಯದು ಹಾಕಿಸಿದ್ದನಂತೆ. ಈಗ ಅದು ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ, ಹಳೇ ಗಡಿಯಾರಗಳ ಸಂಗ್ರಹದಲ್ಲಿದೆ. ರಜೆಯ ದಿನ ಗೆಳತಿಯರನ್ನು ಕರೆದುಕೊಂಡು ಹೋಗಿ ನೋಡು. ಅವರಿಗೂ ರೂತ್‌ಳ ಕತೆ ಹೇಳು.

ನಿನ್ನ ಅಮ್ಮ