ಗುಳಿಗೆ ನುಂಗಿಸಿದ ಮೇಲೆ

ವಿಜಯಪುರ

ಮಗಳ,

ಬೆಳಗಾವಿಯ ಮಳೆ, ಹಾಸ್ಟೆಲ್ ಊಟ, ಹೊಸ ವಾರ್ಡು ಎಲ್ಲ ಫೋನಿನಲ್ಲಿ ಹೇಳಿದಿ, ಖುಷಿಯಾಯಿತು. ಕೊನೆಗೆ "ಡಾಕ್ಟರ್ ಬರೀತಾರ, ನಾ ಕೊಟ್ಟು ಚಾರ್ಟಿಗೆ ಸಹಿ ಮಾಡ್ತೀನಿ, ಅಷ್ಟ ಅಲ್ಲೇನವ್ವಾ?" ಅಂದಿ ನೋಡು, ಅದು ಮಾತ್ರ ನನ್ನ ಮನಸ್ಸಿಗೆ ಬರಲಿಲ್ಲ. ಫೋನಿನಲ್ಲಿ ವಾದ ಬೇಡವೆಂದು ಸುಮ್ಮನಾದೆ. ಔಷಧ ಕೊಟ್ಟು ಸಹಿ ಹಾಕಿದಲ್ಲಿಂದಲೇ ನಮ್ಮ ನರ್ಸುಗಳ ಕೆಲಸ ಶುರುವಾಗೋದು.

ಹೃದಯದ ಗುಳಿಗೆ ಡಿಗಾಕ್ಸಿನ್ನೇ ತಗೋ. ಕೊಡುವ ಮುಂಚೆ ಸ್ಟೆತಾಸ್ಕೋಪ್ ಎದೆಗಿಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಚಾಳಿ ಇಲ್ಲಿ ನಡೆಯದು, ಈ ರೋಗಿಗಳ ಬಡಿತವೇ ಏರುಪೇರು. ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಬಂದರೆ ಗುಳಿಗೆ ತಡೆದು ಡಾಕ್ಟರಿಗೆ ಹೇಳು. ಜೊತೆಗೆ ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಇದೆಯೇ ನೋಡು. ಅದು ಮೂತ್ರದಲ್ಲಿ ಪೊಟ್ಯಾಶಿಯಂ ಕಳೆಯುತ್ತದೆ. ಪೊಟ್ಯಾಶಿಯಂ ಇಳಿದರೆ ದಿನಾ ಕೊಡುವ ಡಿಗಾಕ್ಸಿನ್ ಡೋಸೇ ವಿಷವಾಗಬಹುದು. ಅದರ ಸುಳಿವು ಮೊದಲು ಮಾನಿಟರಿನಲ್ಲೇ ಕಾಣಬೇಕೆಂದಿಲ್ಲ. ಇಂಡಿ ಕಡೆಯ ಒಬ್ಬ ಮುತ್ಯಾ ಊಟ ಬಿಟ್ಟಿದ್ದರು. "ದವಾಖಾನಿ ಊಟ ಸೇರವಲ್ದ್ರಿ ಅವರಿಗೆ" ಅಂದಳು ಸೊಸೆ. ಮನೆಯಿಂದ ಬಂದ ರೊಟ್ಟಿಯ ಬುತ್ತಿಯೂ ಹಾಗೇ ಇತ್ತಲ್ಲ! ಹೊಟ್ಟೆ ತೊಳಸ್ತದೇನ್ರಿ, ಕಣ್ಣಿಗೆ ಹೆಂಗ ಕಾಣಸ್ತದ ಅಂತ ಕೇಳಿದೆ. "ಗ್ವಾಡಿ ಎಲ್ಲಾ ಹಳದಿ ಆಗ್ಯಾವಲ್ಲವಾ" ಅಂದರು. ರಕ್ತ ಕಳಿಸಿದರೆ ಪೊಟ್ಯಾಶಿಯಂ ಇಳಿದಿತ್ತು.

ಇನ್ನು ಮಂಚದ ಕೆಳಗಿನ ಕ್ಯಾರಿ ಬ್ಯಾಗ್. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತಗೊಳ್ಳುವವರನ್ನು "ಬೇರೆ ಗುಳಿಗಿ ತಗೋತೀರೇನು?" ಅಂದರೆ "ಇಲ್ರಿ ಸಿಸ್ಟರ್" ಅನ್ನುತ್ತಾರೆ. ನಮ್ಮ ಮಂದಿಗೆ ಮೊಣಕಾಲು ನೋವಿನ ಗುಳಿಗೆ ಲೆಕ್ಕಕ್ಕೇ ಇಲ್ಲ. "ಮೊಣಕಾಲ ಹಿಡದ್ರ ಏನ ನುಂಗ್ತೀರಿ?" ಅಂತ ಕೇಳು, ಚೀಲ ಹಾಸಿಗೆಯ ಮೇಲೆ ಸುರುವಲಿ. ನೋವಿನ ಗುಳಿಗೆ ಡೈಕ್ಲೋಫೆನಾಕ್ ಸಿಕ್ಕರೆ ಡಾಕ್ಟರಿಗೆ ತೋರಿಸು, ಎರಡೂ ಸೇರಿದರೆ ರಕ್ತಸ್ರಾವದ ಭಯ. ವಸಡಿನಲ್ಲಿ ರಕ್ತ, ಕಪ್ಪು ಮಲ ವಿಚಾರಿಸು, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ತೋರಿಸುವ ಐಎನ್‌ಆರ್ ಪರೀಕ್ಷೆ ನೋಡು. ಹೆಚ್ಚಿನವರಿಗೆ ಅದು 2ರಿಂದ 3ರೊಳಗಿರಬೇಕು. ಸೊಪ್ಪು ಪೂರಾ ಬಿಡಿ ಅಂತ ಹೇಳಿ ಕಳಿಸುವವರಿದ್ದಾರೆ, ನನಗದು ಒಪ್ಪಿಗೆಯಿಲ್ಲ. ಮೆಂತ್ಯ, ರಾಜಗಿರಿ ಇಲ್ಲದೆ ಜೋಳದ ರೊಟ್ಟಿ ಹೇಗೆ ಇಳಿದೀತು? ಒಂದು ದಿನ ಸಿವುಡುಗಟ್ಟಲೆ ತಿಂದು ನಾಲ್ಕು ದಿನ ಬಿಟ್ಟರೆ ವಾರ್ಫರಿನ್ನಿಗೆ ಎದುರು ಕೆಲಸ ಮಾಡುವ ಸೊಪ್ಪಿನ ವಿಟಮಿನ್ ಕೆ ಏರಿಳಿದು ಐಎನ್‌ಆರ್ ಹಿಡಿತಕ್ಕೆ ಸಿಗದು. ದಿನಾ ಒಂದೇ ಅಳತೆಯಲ್ಲಿ ತಿನ್ನಲಿ.

ಇನ್ಸುಲಿನ್ ನಿನಗೆ ಗೊತ್ತು: ಒಂದು ಮಿ.ಲೀ.ಗೆ 40 ಯೂನಿಟ್ ಇರುವ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100 ಯೂನಿಟ್ಟಿನದಕ್ಕೆ ಕಿತ್ತಳೆ. ಒಂದೇ ಸೇರಿಸುತ್ತೇನೆ. ಬಿಪಿಗೆ, ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್‌ನಂಥದ್ದು ತಗೊಳ್ಳುವವರಿಗೆ ಶುಗರ್ ಇಳಿದರೂ ಎದೆ ಡವಗುಟ್ಟದೆ, ಕೈ ನಡುಗದೆ ಇರಬಹುದು; ಬೆವರು ಮಾತ್ರ ಬರುತ್ತದೆ. ಹಣೆ ಮುಟ್ಟಿ ನೋಡು.

ತೊಗರಿಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ಕಾಲದಲ್ಲಿ ನಮ್ಮಲ್ಲಿ ವಿಷದ ಕೇಸು ಬರುತ್ತವೆ. ಹೊಡೆಯುವಾಗ ಮೈಗೆ ತಾಗಿದವರು, ಕುಡಿದೇ ಬಂದವರು. ಆ ಎಣ್ಣೆ ಆರ್ಗನೊಫಾಸ್ಫರಸ್ ಜಾತಿಯದಾದರೆ ಅದಕ್ಕೆ ಮದ್ದು ಅಟ್ರೋಪಿನ್. ಇದರಷ್ಟು ಕಾವಲು ಬೇಡುವ ಔಷಧ ನಾನು ಬೇರೆ ಕಂಡಿಲ್ಲ. ಕಣ್ಣಿನ ಪಾಪೆ ಅಗಲವಾಯಿತೆಂದು ನೆಮ್ಮದಿಪಡಬೇಡ, ಎದೆ ಕೇಳು. ಗೊರಗೊರ ನಿಂತು ಎದೆ ಒಣಗಬೇಕು, ನಾಡಿ 80 ದಾಟಬೇಕು, ಮೇಲಿನ ಬಿಪಿಯೂ 80 ದಾಟಬೇಕು. ಅಲ್ಲಿಂದ ಮುಂದೆ ಹೆಚ್ಚಾದರೂ ಕಷ್ಟವೇ: ಮೈ ಕಾಯುತ್ತದೆ, ಹೊಟ್ಟೆಯ ಸಪ್ಪಳ ನಿಲ್ಲುತ್ತದೆ, ಮೂತ್ರ ಕಟ್ಟುತ್ತದೆ, ರೋಗಿ ಹಾಸಿಗೆ ಕೆದರುತ್ತ ಇಲ್ಲದವರ ಜೊತೆ ಮಾತಾಡುತ್ತಾನೆ. ಮನೆಯವರು ದೆವ್ವ ಬಡಿದಿದೆ ಅಂತ ಅಂಗಾರ ಹಚ್ಚಲು ಬರುತ್ತಾರೆ. ಹಚ್ಚಲಿ ಬಿಡು, ನೀನು ಜ್ವರ ನೋಡಿ ಡಾಕ್ಟರಿಗೆ ಫೋನ್ ಮಾಡು. ಡೋಸು ಇಳಿಸಿದ ಮೇಲೂ ಕೂಡಬೇಡ. ಬೆಳಗಿನ ಜಾವ ಎದೆ ಮತ್ತೆ ತುಂಬಿಕೊಂಡೀತು.

ಫೋನಿನಲ್ಲಿ "ಪೇಶಂಟ್ ಯಾಕೋ ಸರಿ ಇಲ್ರಿ ಸರ್" ಅನ್ನಬೇಡ. ಯಾವ ಔಷಧ, ಕೊಟ್ಟದ್ದು ಯಾವಾಗ, ನಾಡಿ, ಬಿಪಿ, ಉಸಿರು ಆಗೆಷ್ಟು ಈಗೆಷ್ಟು, ಇಷ್ಟು ಹೇಳಿದರೆ ನಿದ್ದೆಗಣ್ಣಿನ ಡಾಕ್ಟರೂ ಎದ್ದು ಬರುತ್ತಾರೆ.

ಮತ್ತೆ, ಔಷಧದ ಅಡ್ಡಪರಿಣಾಮ ವರದಿ ಮಾಡಲು 2010ರಿಂದ ದೇಶದಲ್ಲಿ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮ ಇದೆ. ನರ್ಸುಗಳೂ ಫಾರಂ ತುಂಬಬಹುದು, 1800-180-3024ಕ್ಕೆ ಪುಕ್ಕಟೆ ಫೋನೂ ಮಾಡಬಹುದು. ಖಾತ್ರಿ ಬೇಕಿಲ್ಲ, ಸಂಶಯ ಸಾಕು. ನಿಮ್ಮ ವಾರ್ಡಿನಲ್ಲಿ ಫಾರಂ ಇಲ್ಲದಿದ್ದರೆ ಇನ್‌ಚಾರ್ಜ್ ಸಿಸ್ಟರಿಗೆ ಹೇಳಿ ತರಿಸಿಕೋ.

ನಿನ್ನ ಅವ್ವ