ಸಂಪಾದಕರ ಮುಂದೆ ಹತ್ತು ನಿಮಿಷ: ಯುವ ಬರಹಗಾರ್ತಿಗೊಂದು ಪತ್ರ

ಪ್ರಿಯ ಗೆಳತಿ,

ನಿಮ್ಮ ಪತ್ರ ತಲುಪಿತು. ಅಮೆರಿಕದ ಬರಹಗಾರರ ಸಂಘವೊಂದು ವಿಡಿಯೊ ಕರೆಯಲ್ಲಿ ನಡೆಸಲಿರುವ ಪಿಚ್ ಸಭೆಯಲ್ಲಿ, ಅಂದರೆ ಬರೆಯಲಿರುವ ಲೇಖನದ ಪ್ರಸ್ತಾಪವನ್ನು ಸಂಪಾದಕರ ಮುಂದಿಡುವ ಸಭೆಯಲ್ಲಿ, ಮೂವರು ಸಂಪಾದಕರ ಜೊತೆಗೂ ಒಂದು ಕಂಪನಿಯ ಪ್ರತಿನಿಧಿಯ ಜೊತೆಗೂ ಮಾತನಾಡಲು ನಿಮಗೆ ತಲಾ ಹತ್ತು ನಿಮಿಷ ಸಿಕ್ಕಿರುವ ಸುದ್ದಿ ಓದಿ ಬಹಳ ಸಂತೋಷವಾಯಿತು. ಅಷ್ಟು ಹೊತ್ತಿನಲ್ಲಿ ಏನು ಹೇಳುವುದು, ಇಂಗ್ಲಿಷ್ ತಡವರಿಸಿದರೆ ಏನು ಗತಿ, ವಿಷಯವನ್ನು ಬಾಯಿಬಿಟ್ಟು ಹೇಳಿದರೆ ಬೇರೆಯವರಿಂದ ಬರೆಸಿಬಿಟ್ಟಾರೇ ಎಂದು ಕೇಳಿದ್ದೀರಿ. ಮೂರಕ್ಕೂ ಉತ್ತರ ಬರೆಯುತ್ತೇನೆ. ಅದಕ್ಕೆ ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ: ಈ ಭೇಟಿಯಿಂದ ನಿಮಗೆ ಸಿಗುವುದು ಸಂಪಾದಕರ ಗಮನ ಮಾತ್ರ. ಬರೆಯುವ ಕೆಲಸ ಸಿಗುವುದು ಭೇಟಿಗೆ ಮೊದಲು ನೀವು ಓಡಾಡಿ ಕಲೆಹಾಕಿಟ್ಟ ಸಾಮಗ್ರಿಯಿಂದ ಮತ್ತು ಭೇಟಿಯ ಮರುದಿನ ನೀವು ಕಳಿಸುವ ಇಮೇಲಿನಿಂದ. ಆದ್ದರಿಂದ ಆ ಹತ್ತು ನಿಮಿಷದ ಮೇಲೆ ನಿಮ್ಮ ಭವಿಷ್ಯದ ಭಾರವನ್ನೆಲ್ಲ ಹೊರಿಸಬೇಡಿ.

ಇಂಥ ಸಭೆಗಳ ಹಿನ್ನೆಲೆ ತಿಳಿದಿದ್ದರೆ ಅಲ್ಲಿಯ ರೀತಿ ರಿವಾಜು ಅರ್ಥವಾಗುವುದು ಸುಲಭ. 1948ರಲ್ಲಿ ನ್ಯೂಯಾರ್ಕಿನಲ್ಲಿ ನಿಯತಕಾಲಿಕಗಳಿಗೆ ಬರೆಯುತ್ತಿದ್ದವರು ಕಟ್ಟಿಕೊಂಡ ಸಂಘವೇ ಮುಂದೆ ಅಮೆರಿಕನ್ ಸೊಸೈಟಿ ಆಫ್ ಜರ್ನಲಿಸ್ಟ್ಸ್ ಅಂಡ್ ಆಥರ್ಸ್ ಆಯಿತು. ಅದರ ‘ಕ್ಲೈಂಟ್ ಕನೆಕ್ಷನ್ಸ್’ ಎಂಬ ವ್ಯವಸ್ಥೆಯಲ್ಲಿ ಸದಸ್ಯರು ಸಂಪಾದಕರನ್ನು, ಪುಸ್ತಕ ಏಜೆಂಟರನ್ನು, ಬರಹ ಬರೆಸಿಕೊಳ್ಳುವ ಕಂಪನಿಗಳವರನ್ನು ಒಬ್ಬೊಬ್ಬರಾಗಿ ಭೇಟಿ ಮಾಡಿ ಮಾತನಾಡಬಹುದು. ಅಮೆರಿಕದ ವಿಜ್ಞಾನ ಬರಹಗಾರರ ರಾಷ್ಟ್ರೀಯ ಸಂಘದ ವಾರ್ಷಿಕ ಸಮಾವೇಶದಲ್ಲಿ ‘ಪಿಚ್ ಸ್ಲ್ಯಾಮ್’ ನಡೆಯುತ್ತದೆ. ಅಲ್ಲಿ ಮೈಕಿನ ಮುಂದೆ ನಿಂತವರಿಗೆ ಸಿಗುವುದು ಒಂದೇ ನಿಮಿಷ, ಅದೂ ಸಭೆಯ ಎದುರಿನಲ್ಲಿ. 2020ರಲ್ಲಿ ಕೋವಿಡ್ ಸಮಾವೇಶಗಳ ಬಾಗಿಲು ಮುಚ್ಚಿಸಿದಾಗ ಇವೆಲ್ಲ ಕಂಪ್ಯೂಟರ್ ಪರದೆಗೆ ಬಂದವು, ರೋಗದ ಭಯ ಹೋದ ಮೇಲೂ ಒಂದಷ್ಟು ಅಲ್ಲಿಯೇ ಉಳಿದವು. ವಿಮಾನದ ಟಿಕೆಟ್, ವೀಸಾ, ನ್ಯೂಯಾರ್ಕಿನ ಹೋಟೆಲ್ ಬಾಡಿಗೆ ಇವು ಮೂರೂ ಇಲ್ಲದೆ ಸಕಲೇಶಪುರದಲ್ಲಿ ಕುಳಿತವರೊಬ್ಬರು ಅಲ್ಲಿಯ ಸಂಪಾದಕರೊಡನೆ ಮುಖಕ್ಕೆ ಮುಖ ಕೊಟ್ಟು ಮಾತನಾಡುವುದು ನಾನು ಬರೆಯಲು ಆರಂಭಿಸಿದ ಕಾಲದಲ್ಲಿ ಊಹೆಗೂ ನಿಲುಕುತ್ತಿರಲಿಲ್ಲ. ನಿಮ್ಮ ಪೀಳಿಗೆಗೆ ಈ ಅವಕಾಶ ಇರುವುದು ನನಗೆ ನಿಜವಾಗಿಯೂ ಹೆಮ್ಮೆಯ ವಿಷಯ.

ಕನ್ನಡ ಪತ್ರಿಕೆಗಳಿಗೆ ಬರೆದು ಪಳಗಿದ ನಮಗೆ ಒಂದು ಅಭ್ಯಾಸವಿದೆ. ಲೇಖನವನ್ನು ಪೂರ್ತಿ ಬರೆದು ಕಳಿಸಿ, ಪ್ರಕಟವಾಗುತ್ತದೆಯೋ ಇಲ್ಲವೋ ಎಂದು ಪ್ರತಿ ವಾರ ಪುರವಣಿ ತಿರುವಿ ನೋಡುತ್ತೇವೆ. ಪಿಚ್‌ನಲ್ಲಿ ಕ್ರಮ ತಿರುಗುಮುರುಗು. ಬರೆಯುವ ಮುನ್ನವೇ ಏನನ್ನು, ಯಾರನ್ನು ಕಂಡು, ಎಷ್ಟು ಪದಗಳಲ್ಲಿ, ಯಾವಾಗ ಕೊಡುತ್ತೇನೆಂದು ಹೇಳಿ ಒಪ್ಪಿಗೆ ಪಡೆಯಬೇಕು. ಇದರಿಂದ ಬರಹಗಾರರಿಗೆ ಲಾಭವೇ ಹೆಚ್ಚು, ಏಕೆಂದರೆ ಬೇಡವಾದ ಲೇಖನಕ್ಕೆ ತಿಂಗಳುಗಟ್ಟಲೆ ದುಡಿಯುವುದು ತಪ್ಪುತ್ತದೆ. ಆದರೆ ಬರೆಯದೇ ಇರುವ ಲೇಖನವನ್ನು ಕಣ್ಣಿಗೆ ಕಟ್ಟುವಂತೆ ಹೇಳಲು ಬರಬೇಕು, ಮತ್ತು ಅಲ್ಲಿಯೇ ನಮ್ಮಲ್ಲಿ ಹಲವರು ಎಡವುವುದು.

‘ಹವಾಮಾನ ಬದಲಾವಣೆ ಮತ್ತು ಕರ್ನಾಟಕದ ಕಾಫಿ’ ಎಂಬುದನ್ನು ಮಂಡಿಸಬೇಕೆಂದು ಯೋಚಿಸಿದ್ದೀರಿ. ಅದು ವಿಷಯವಾಯಿತೇ ಹೊರತು ಕಥನವಾಗಲಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ನಮ್ಮ ರಾಜ್ಯದಲ್ಲಿ ಬೆಳೆಯುತ್ತದೆ ಎಂಬ ಸಂಗತಿಯನ್ನು ಸಂಪಾದಕರು ತಾವೇ ಹುಡುಕಿಕೊಳ್ಳಬಲ್ಲರು. ಅವರಿಗೆ ಸಿಗದಿರುವುದು ನಿಮ್ಮ ಪತ್ರದ ಕೊನೆಯಲ್ಲಿ, ಬೇರೆಯದೇ ಮಾತಿನ ನಡುವೆ, ನೀವು ಬರೆದ ಎರಡು ಸಾಲು: ನಿಮ್ಮ ದೊಡ್ಡಪ್ಪನ ತೋಟದ ಮನೆಯಲ್ಲಿ ಅವರ ತಂದೆಯ ಕಾಲದಿಂದ ಪ್ರತಿದಿನದ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಬರೆದಿಟ್ಟ ಪುಸ್ತಕಗಳಿವೆ ಎಂಬುದು. ಗೆಳತಿ, ಆ ಪುಸ್ತಕಗಳೇ ನಿಮ್ಮ ಪಿಚ್. ಇಂಚಿನ ನೂರನೇ ಒಂದು ಭಾಗವಾದ ಸೆಂಟಿನ ಲೆಕ್ಕದಲ್ಲಿ ಮಳೆಯ ಮಾತಾಡುವ ಜನ, ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆಗಾಗಿ ಆಕಾಶ ನೋಡುವ ಜನ, ಆ ಮಳೆ ಬಿದ್ದು ವಾರ ಹತ್ತು ದಿನದೊಳಗೆ ತೋಟಕ್ಕೆ ತೋಟವೇ ಬೆಳ್ಳಗಾಗುವುದು, ಹೂ ಅರಳಿದ ದಿನವೇ ಮತ್ತೆ ಮಳೆ ಬಂದರೆ ಪರಾಗಸ್ಪರ್ಶ ಕೆಟ್ಟು ಕಾಯಿ ಕಟ್ಟದಿರುವುದು, ಹೂಮಳೆಯನ್ನು ನಂಬಲಾರದೆ ಕೆರೆಯ ನೀರನ್ನು ಸ್ಪ್ರಿಂಕ್ಲರ್‌ನಲ್ಲಿ ಹಾರಿಸಿ ರೊಬಸ್ಟಾ ಜಾತಿಯ ಕಾಫಿ ಗಿಡದಲ್ಲಿ ಹೂ ಬರಿಸುವುದು, ಕೊಯ್ಲು ಮುಗಿದು ಕಣದಲ್ಲಿ ಹಣ್ಣು ಒಣಗುವಾಗ ಅಕಾಲದ ಮಳೆ ಬಂದು ಟಾರ್ಪಾಲು ಹೊದಿಸಲು ಓಡುವುದು, ಇವೆಲ್ಲ ಆ ಪುಸ್ತಕದ ಪುಟಗಳಿಂದಲೇ ಹೊರಬರುತ್ತವೆ. ಒಂದು ಮನೆತನ ತನ್ನ ಕೈಬರಹದಲ್ಲಿ ಕಾಪಾಡಿಕೊಂಡ ಮಳೆಯ ದಾಖಲೆ ಈಗ ಏನು ಹೇಳುತ್ತಿದೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹೊರಡಿ.

ಭೇಟಿಗೆ ಮುನ್ನ ಆ ಪುಸ್ತಕಗಳನ್ನು ಕೂತು ಓದಿ. ಮಾರ್ಚ್ ಮತ್ತು ಏಪ್ರಿಲ್ ತಿಂಗಳ ಅಂಕಿಗಳನ್ನು ವರ್ಷವಾರು ಬರೆದುಕೊಳ್ಳಿ, ಅಕ್ಕಪಕ್ಕದ ಎರಡು ತೋಟಗಳ ದಾಖಲೆಯೊಡನೆ ಹೋಲಿಸಿ, ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ಬಳಿಯಿರುವ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಯೊಬ್ಬರನ್ನು ಮಾತನಾಡಿಸಿ. ಅಂಕಿಗಳು ನಿಮ್ಮ ಊಹೆಗೆ ವಿರುದ್ಧವಾಗಿದ್ದರೆ ಊಹೆಯನ್ನು ಬಿಡಿ, ಅಂಕಿಗಳನ್ನು ಬಿಡಬೇಡಿ. ದೊಡ್ಡಪ್ಪನ ಮನೆ ಎಂಬುದನ್ನು ಸಂಪಾದಕರಿಗೆ ಮೊದಲೇ ಹೇಳಿಬಿಡಿ. ಸಂಬಂಧ ಮುಚ್ಚಿಟ್ಟು ಬರೆದ ವರದಿಯನ್ನು ಯಾವ ಒಳ್ಳೆಯ ಪತ್ರಿಕೆಯೂ ಕ್ಷಮಿಸುವುದಿಲ್ಲ.

ಒಂದೇ ಸಾಮಗ್ರಿಯನ್ನು ಮೂವರು ಸಂಪಾದಕರ ಮುಂದೆ ಒಂದೇ ಮಾತಿನಲ್ಲಿ ಇಡುವುದು ಸರಿಯಲ್ಲ. ವಿಜ್ಞಾನ ಪತ್ರಿಕೆಗೆ ಹೂ ಮತ್ತು ಮಳೆಯ ನಂಟು ಮುಖ್ಯ. ವಾಣಿಜ್ಯ ಪತ್ರಿಕೆಯವರಿಗೆ, 2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ದರ ಟನ್ನಿಗೆ 5,000 ಡಾಲರ್ ದಾಟಿದಾಗ ನೀರು ಹಾಯಿಸಲು ಶಕ್ತಿಯಿದ್ದ ಬೆಳೆಗಾರರಿಗೂ ಇಲ್ಲದವರಿಗೂ ನಡುವೆ ಏನಾಯಿತು ಎಂಬುದು ಬೇಕಾದೀತು. ಮೂರನೆಯ ಪತ್ರಿಕೆ ಪ್ರವಾಸದ್ದು. ಅವರಿಗೆ ಇದನ್ನು ಬಲವಂತವಾಗಿ ಹೊಂದಿಸುವ ಬದಲು ಬೇರೆ ವಿಷಯವನ್ನೇ ತೆಗೆದುಕೊಂಡು ಹೋಗಿ. ಪ್ರತಿ ಪತ್ರಿಕೆಯ ಕಳೆದ ಆರು ತಿಂಗಳ ಸಂಚಿಕೆಗಳನ್ನು ಓದಿ, ಯಾವ ವಿಭಾಗದಲ್ಲಿ ಎಷ್ಟು ಉದ್ದದ ಬರಹ ಬರುತ್ತದೆ, ಅದರಲ್ಲಿ ಎಷ್ಟನ್ನು ಹೊರಗಿನವರು ಬರೆದಿದ್ದಾರೆ ಎಂದು ಗಮನಿಸಿ. ದಿ ಓಪನ್ ನೋಟ್‌ಬುಕ್ ಎಂಬ ಜಾಲತಾಣದಲ್ಲಿ ವಿಜ್ಞಾನ ಬರಹಗಾರರು ಹಿಂದೆ ಕಳಿಸಿ ಒಪ್ಪಿಗೆ ಪಡೆದ ಪಿಚ್‌ಗಳು ಇದ್ದ ಹಾಗೆಯೇ ಸಂಗ್ರಹವಾಗಿವೆ. ಬೋಧನೆಯ ಪುಸ್ತಕಗಳಿಗಿಂತ ಅವನ್ನು ಓದಿ ಕಲಿಯುವುದು ಹೆಚ್ಚು.

ಕೋಣೆಯ ಒಳಗಿನ ಮಾತಿಗೆ ಬರುತ್ತೇನೆ. ಝೂಮ್‌ನಲ್ಲಿ ನಿಮ್ಮನ್ನು ದೊಡ್ಡ ಸಭೆಯಿಂದ ಸಣ್ಣ ಕೋಣೆಗೆ ಕಳಿಸುತ್ತಾರೆ, ಸಮಯ ಮುಗಿಯುತ್ತಾ ಬಂದಾಗ ಸಾಮಾನ್ಯವಾಗಿ 60 ಸೆಕೆಂಡುಗಳ ಎಣಿಕೆ ಪರದೆಯ ಮೇಲೆ ಕಾಣಿಸಿಕೊಂಡು ಕೋಣೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಅರ್ಧ ವಾಕ್ಯದಲ್ಲಿದ್ದರೂ ಅದು ಕಾಯುವುದಿಲ್ಲ. ಆದ್ದರಿಂದ ಊರು, ಓದು, ಪ್ರಶಸ್ತಿ, ಬಾಲ್ಯದಿಂದ ಇದ್ದ ಬರವಣಿಗೆಯ ಆಸೆ ಇವುಗಳಲ್ಲಿ ಮೊದಲ ಮೂರು ನಿಮಿಷ ಕಳೆಯಬೇಡಿ. ನೀವು ಯಾರೆಂದು ಒಂದು ವಾಕ್ಯ, ಮಳೆ ಪುಸ್ತಕದ ಸಂಗತಿ ಎರಡು ನಿಮಿಷ, ಇದನ್ನು ಈಗಲೇ ಏಕೆ ಬರೆಯಬೇಕು ಎಂಬುದು ಒಂದು ನಿಮಿಷ. ಅಲ್ಲಿಗೆ ನಿಲ್ಲಿಸಿ. ಉಳಿದ ಸಮಯ ಸಂಪಾದಕರದು. ಅವರು ಮಾತನಾಡಿದಷ್ಟೂ ನಿಮಗೆ ಲಾಭ, ಏಕೆಂದರೆ ಯಾವ ಸಂಚಿಕೆಗೆ ಏನು ಹುಡುಕುತ್ತಿದ್ದಾರೆ, ಇತ್ತೀಚೆಗೆ ಏನನ್ನು ತಿರಸ್ಕರಿಸಿದರು, ಪಿಚ್ ಯಾವ ವಿಳಾಸಕ್ಕೆ ಯಾವ ರೂಪದಲ್ಲಿ ಬರಬೇಕು ಎಂಬುದನ್ನು ಅವರ ಬಾಯಿಂದಲೇ ಕೇಳಲು ಬೇರೆಲ್ಲೂ ಸಾಧ್ಯವಿಲ್ಲ. ‘ಇದು ನಮಗೆ ಹೊಂದದು’ ಎಂದು ಎರಡನೆಯ ನಿಮಿಷದಲ್ಲೇ ಅವರು ಹೇಳಿದರೆ ವಾದಿಸಬೇಡಿ. ಹೊಂದುವುದು ಯಾವುದು ಎಂದು ಕೇಳಿ. ಮೊದಲ ಪಿಚ್ ಬಿದ್ದುಹೋದ ಭೇಟಿಯಿಂದಲೇ ಮುಂದೆ ವರ್ಷಗಟ್ಟಲೆ ಉಳಿದ ಕೆಲಸದ ಸಂಬಂಧ ಹುಟ್ಟಿದ್ದನ್ನು ನಾನು ಬಲ್ಲೆ.

ಇಂಗ್ಲಿಷ್ ಬಗ್ಗೆ ನಿಮ್ಮ ಅಂಜಿಕೆ ನನಗೆ ಅರ್ಥವಾಗುತ್ತದೆ. ಉಚ್ಚಾರಣೆಯನ್ನು ಅವರಂತೆ ಮಾಡಿಕೊಳ್ಳಲು ಹೋಗಬೇಡಿ, ವೇಗವನ್ನು ಮಾತ್ರ ತಗ್ಗಿಸಿ. ಊರಿನ ಮತ್ತು ಬೆಳೆಯ ಹೆಸರುಗಳನ್ನು ಹೇಳುವಾಗಲೇ ಚಾಟ್‌ನಲ್ಲಿ ಬರೆದು ತೋರಿಸಿ. ಕೋಣೆ ಮುಚ್ಚಿದ ಮೇಲೆ ಆ ಚಾಟ್ ಕೈಗೆ ಸಿಗದೆ ಹೋಗಬಹುದಾದ್ದರಿಂದ ಅವರು ಕೊಡುವ ಇಮೇಲ್ ವಿಳಾಸವನ್ನು ಕೂಡಲೇ ಕಾಗದದ ಮೇಲೆ ಬರೆದುಕೊಳ್ಳಿ. ಬರೆದಿಟ್ಟುಕೊಂಡದ್ದನ್ನು ನೋಡಿ ಓದಬೇಡಿ, ಕಣ್ಣು ಎಡದಿಂದ ಬಲಕ್ಕೆ ಓಡುವುದು ಅವರಿಗೆ ಕಾಣುತ್ತದೆ. ವಿದ್ಯುತ್ ಮತ್ತು ನೆಟ್‌ವರ್ಕ್ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ, ಮೊಬೈಲಿನ ಹಾಟ್‌ಸ್ಪಾಟ್ ಸಿದ್ಧವಿರಲಿ. ಸಮಯದ ಲೆಕ್ಕವನ್ನು ಮಾತ್ರ ಎರಡೆರಡು ಸಲ ಮಾಡಿ: ನ್ಯೂಯಾರ್ಕಿನ ಮಧ್ಯಾಹ್ನ 2 ಗಂಟೆ ಅಲ್ಲಿಯ ಬೇಸಿಗೆಯಲ್ಲಿ ನಮ್ಮ ರಾತ್ರಿ 11.30, ಚಳಿಗಾಲದಲ್ಲಿ ನಡುರಾತ್ರಿ ದಾಟಿ 12.30, ಅಂದರೆ ದಿನಾಂಕವೇ ಬದಲಾಗುತ್ತದೆ. ಮಾರ್ಚಿನ ಎರಡನೆಯ ಭಾನುವಾರ ಮತ್ತು ನವೆಂಬರಿನ ಮೊದಲ ಭಾನುವಾರ ಅವರು ಗಡಿಯಾರ ತಿರುಗಿಸುತ್ತಾರೆ.

ಇನ್ನು ಕಳವಿನ ಭಯ. ಕೇವಲ ಒಂದು ವಿಚಾರಕ್ಕೆ ಕೃತಿಸ್ವಾಮ್ಯವಿಲ್ಲ, ಅದನ್ನು ವ್ಯಕ್ತಪಡಿಸಿದ ರೂಪಕ್ಕೆ ಮಾತ್ರ ಇದೆ ಎಂದು ನಮ್ಮ ಸುಪ್ರೀಂ ಕೋರ್ಟ್ 1978ರಷ್ಟು ಹಿಂದೆಯೇ ಹೇಳಿದೆ. ಅಮೆರಿಕದ ಕಾನೂನೂ ಹಾಗೆಯೇ. ಹೀಗಾಗಿ ‘ಕಾಫಿ ಮತ್ತು ಹವಾಮಾನ’ ಎಂಬುದನ್ನು ಯಾರು ಬೇಕಾದರೂ ಬರೆಯಬಹುದು. ಆದರೆ ಆ ಮನೆಯ ಪುಸ್ತಕಗಳನ್ನು ತೆರೆದು ನೋಡಲು, ಕಣದ ಬದಿಯಲ್ಲಿ ಕುಳಿತು ಕನ್ನಡದಲ್ಲಿ ಮಾತನಾಡಿಸಲು ನಿಮಗಿರುವ ದಾರಿ ಬೇರೆಯವರಿಗಿಲ್ಲ. ವಿಷಯವನ್ನು ಅರ್ಧ ಮುಚ್ಚಿಟ್ಟು ಮಾತನಾಡಿದವರ ಮೇಲೆ ಸಂಪಾದಕರಿಗೆ ನಂಬಿಕೆ ಬರುವುದಿಲ್ಲ. ಬಿಚ್ಚಿ ಹೇಳಿ, ಮರುದಿನವೇ ಬರಹದಲ್ಲಿ ಕಳಿಸಿ. ದಿನಾಂಕವಿರುವ ಇಮೇಲ್ ನಿಮ್ಮ ಕೈಯಲ್ಲಿರುತ್ತದೆ.

ಕಂಪನಿಯ ಪ್ರತಿನಿಧಿಯ ಜೊತೆಗಿನ ಮಾತು ಬೇರೆಯೇ ಬಗೆಯದು. ಅವರು ಕಥನ ಹುಡುಕುತ್ತಿಲ್ಲ, ಕೆಲಸ ಮುಗಿಸಿಕೊಡುವ ಬರಹಗಾರರನ್ನು ಹುಡುಕುತ್ತಿದ್ದಾರೆ. ತಜ್ಞರನ್ನು ಸಂದರ್ಶಿಸಿ ಸರಳವಾಗಿ ಬರೆಯಬಲ್ಲಿರಾ, ಎಷ್ಟು ದಿನದಲ್ಲಿ ಕೊಡುತ್ತೀರಿ, ಎಷ್ಟು ಸಲ ತಿದ್ದಿಕೊಡುತ್ತೀರಿ ಎಂದು ಕೇಳುತ್ತಾರೆ. ಮಾದರಿಗೆ ಎರಡು ಬರಹ ಸಾಕು. ಸಂಭಾವನೆ ಎಷ್ಟೆಂದು ಕೇಳಿದಾಗ ‘ನೀವೇ ಹೇಳಿ’ ಎನ್ನುವ ನಮ್ಮ ಸಂಕೋಚ ಅಲ್ಲಿ ನಡೆಯದು. ಅಂಕಿಯೊಂದನ್ನು ಮೊದಲೇ ನಿರ್ಧರಿಸಿಕೊಂಡು ಹೋಗಿ. ನೀವು ಬರೆದುದರಿಂದ ಆ ಕಂಪನಿ ನೀರಾವರಿ ಉಪಕರಣ ಮಾರುತ್ತದೆಂದು ತಿಳಿಯಿತು. ಸ್ಪ್ರಿಂಕ್ಲರ್ ಮಾರುವವರಿಂದ ಹಣ ಪಡೆಯುತ್ತಾ ಸ್ಪ್ರಿಂಕ್ಲರ್ ಬಗ್ಗೆಯೇ ಪತ್ರಿಕೆಗೆ ವರದಿ ಬರೆಯಲಾಗದು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದೀತು. ನನ್ನನ್ನು ಕೇಳಿದರೆ ಮಳೆ ಪುಸ್ತಕವನ್ನು ಆರಿಸಿಕೊಳ್ಳಿ ಎನ್ನುತ್ತೇನೆ, ಆದರೆ ಮನೆಯ ಖರ್ಚು ತೂಗಿಸುವವರು ನೀವು, ತೀರ್ಮಾನವೂ ನಿಮ್ಮದೇ.

ಒಪ್ಪಿಗೆ ಬಂದ ಮೇಲೆ ಕರಾರನ್ನು ಓದದೆ ಸಹಿ ಹಾಕಬೇಡಿ. 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಟಸಿನಿ ಮೊಕದ್ದಮೆಯಲ್ಲಿ, ಪತ್ರಿಕೆಯ ನೌಕರರಲ್ಲದ ಫ್ರೀಲ್ಯಾನ್ಸ್ ಬರಹಗಾರರ ಲೇಖನಗಳನ್ನು ಅವರ ಅನುಮತಿಯಿಲ್ಲದೆ ಎಲೆಕ್ಟ್ರಾನಿಕ್ ಸಂಗ್ರಹಗಳಿಗೆ ಸೇರಿಸಿದ್ದು ಕೃತಿಸ್ವಾಮ್ಯದ ಉಲ್ಲಂಘನೆ ಎಂದು ತೀರ್ಪಿತ್ತಿತು. ಅದರಿಂದ ಎಚ್ಚೆತ್ತ ಪ್ರಕಾಶಕರು ಈಗ ಕರಾರಿನಲ್ಲೇ ಸಕಲ ಹಕ್ಕುಗಳನ್ನೂ ಕೇಳಿಬಿಡುವುದು ಸಾಮಾನ್ಯ. ‘ವರ್ಕ್ ಮೇಡ್ ಫಾರ್ ಹೈರ್’ ಎಂಬ ಸಾಲು ಕಂಡರೆ, ಬರಹದ ಮೊದಲ ಒಡೆಯರೇ ಅವರಾಗುತ್ತಾರೆ ಎಂದು ತಿಳಿಯಿರಿ, ಮತ್ತು ಕನ್ನಡದಲ್ಲಿ ಬರೆಯುವ ಹಕ್ಕನ್ನಾದರೂ ನಿಮಗೆ ಉಳಿಸಿಕೊಡಲು ವಿನಯದಿಂದ ಕೇಳಿ. ಹಲವರು ಒಪ್ಪುತ್ತಾರೆ, ಕನ್ನಡದ ಹಕ್ಕಿನಿಂದ ಅವರಿಗೆ ಆಗಬೇಕಾದದ್ದೇನೂ ಇರುವುದಿಲ್ಲ. ಬರೆಸಿ ಪ್ರಕಟಿಸದಿದ್ದರೆ ಕೊಡುವ ‘ಕಿಲ್ ಫೀ’ ಎಷ್ಟೆಂದೂ ನೋಡಿ. ಒಪ್ಪಿದ ಮೊತ್ತದ ಕಾಲು ಭಾಗದ ಆಸುಪಾಸು ಇರುವುದು ವಾಡಿಕೆ. ನ್ಯೂಯಾರ್ಕ್ ನಗರದಲ್ಲಿ 2017ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ 800 ಡಾಲರ್ ಅಥವಾ ಹೆಚ್ಚಿನ ಮೊತ್ತದ ಫ್ರೀಲ್ಯಾನ್ಸ್ ಕೆಲಸಕ್ಕೆ ಲಿಖಿತ ಕರಾರು ಇರಲೇಬೇಕು, ಬೇರೆ ದಿನಾಂಕ ಹೇಳಿರದಿದ್ದರೆ ಕೆಲಸ ಮುಗಿದ 30 ದಿನದೊಳಗೆ ಹಣ ಕೊಡಬೇಕು. ಆ ಕಾನೂನು ಇಲ್ಲಿ ಕುಳಿತ ನಿಮ್ಮ ಬೆನ್ನಿಗೆ ಬರುತ್ತದೆಂದು ನಂಬಿ ಕೂರಬೇಡಿ, ಆದರೆ ಲಿಖಿತ ಕರಾರು ಕೇಳಿದರೆ ಅಲ್ಲಿಯವರು ಬೇಸರಪಡುವುದಿಲ್ಲ ಎಂಬ ಧೈರ್ಯ ಇರಲಿ.

ನಿಮ್ಮ ಭೇಟಿಗೆ ಇನ್ನೂ ಮೂರು ವಾರವಿದೆ. ವಿಜ್ಞಾನ ಪತ್ರಿಕೆಗೆ ಕಳಿಸಲಿರುವ ಪಿಚ್ಚನ್ನು 300 ಪದಗಳಲ್ಲಿ ಈಗಲೇ ಬರೆಯಿರಿ, ಏಕೆಂದರೆ ಬರೆಯಲಾಗದ್ದನ್ನು ಎದುರಿನಲ್ಲಿ ಹೇಳಲೂ ಆಗದು. ಮಳೆ ಪುಸ್ತಕದ ಒಂದು ಪುಟದ ಫೋಟೊ ಜೊತೆಗೆ ಅದನ್ನು ನನಗೆ ಕಳಿಸಿಕೊಡಿ. ಓದಿ, ತಿದ್ದಿ, ಬರುವ ಭಾನುವಾರ ಸಂಜೆ ವಿಡಿಯೊ ಕರೆ ಮಾಡುತ್ತೇನೆ. ನಾನು ಸಂಪಾದಕಿಯಾಗಿ ಕೂರುತ್ತೇನೆ, ನೀವು ಹೇಳಿ.

ಇಂತು ನಿಮ್ಮ ಹಿತೈಷಿ,
ಹಿರಿಯ ಗೆಳತಿ